ಇಪ್ಪತ್ತಮೂರನೆಯ ಹಾಸಿಗೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಾಸಿಗೆ. ಅದೂ ಇಲ್ಲದ ಹಾಸಿಗೆ.

ಗಂಡಸರ ವಾರ್ಡಿನಲ್ಲಿ ಇದ್ದದ್ದು ಇಪ್ಪತ್ತೆರಡು ಮಂಚ. ವಾರ್ಡಿನ ಗುಮಾಸ್ತ ಆ ಬೆಳಗ್ಗೆ ಅವನ್ನು ಬಾಗಿಲ ಕಡೆಯಿಂದ ಒಮ್ಮೆ ಎಣಿಸಿದ, ಕಿಟಕಿಯ ಕಡೆಯಿಂದ ಒಮ್ಮೆ ಎಣಿಸಿದ. ಅನುಮಾನ ತೀರದೆ ಹೊದಿಕೆಯಿಂದ ಹೊರಬಿದ್ದ ಪಾದಗಳನ್ನೆಲ್ಲ ಎಣಿಸಿ ಅರ್ಧ ಮಾಡಿದ. ಹೇಗೆ ಎಣಿಸಿದರೂ ಇಪ್ಪತ್ತೆರಡೇ. ಕಂಪ್ಯೂಟರ್ ಮಾತ್ರ ಇಪ್ಪತ್ತಮೂರು ರೋಗಿಗಳಿದ್ದಾರೆ ಎಂದು ಪಟ್ಟು ಹಿಡಿದು ಕೂತಿತ್ತು.

ಬೇರೆ ದಿನವಾಗಿದ್ದರೆ ಅವನು ಕಂಪ್ಯೂಟರಿನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಇಂದು ಕಿಸೆಯಲ್ಲಿ ವರ್ಗದ ಆದೇಶ ಇತ್ತು. ಅವನ ಹೆಂಡತಿ ಬೇರೆ ಊರಿನ ಶಾಲೆಯಲ್ಲಿ ಟೀಚರು. ಮದುವೆಯಾದಂದಿನಿಂದ ಅವಳು ಅಲ್ಲಿ, ಇವನು ಇಲ್ಲಿ. ಭಾನುವಾರ ಬೆಳಗ್ಗೆ ಹೋಗುವುದು, ಸಂಜೆ ವಾಪಸು ಬರುವುದು. ಐದು ವರ್ಷದ ಮಗಳಂತೂ ಅವನು ಗೇಟು ತೆಗೆಯುವುದನ್ನು ಕಂಡರೆ "ಅಮ್ಮಾ, ಭಾನುವಾರ ಬಂತು!" ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಇವನೂ ನಗುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅಳುತ್ತಿದ್ದ. ಈಗ ಆ ಊರಿನ ಆಸ್ಪತ್ರೆಯಲ್ಲೇ ಒಂದು ಜಾಗ ಖಾಲಿಯಾಗಿತ್ತು. ನಾಳೆ ಬೆಳಗ್ಗೆ ಅಲ್ಲಿ ಹಾಜರಾಗದಿದ್ದರೆ ಅದು ಮುಂದಿನವನ ಪಾಲು. ಬಸ್ಸು ಸಂಜೆ ಆರಕ್ಕೆ. ಬೇಕಾದದ್ದು ಬಿಡುಗಡೆ ಚೀಟಿ ಒಂದೇ. ಅದನ್ನು ಕೊಡುವುದೂ ಕಂಪ್ಯೂಟರೇ. ವಾರ್ಡಿನ ಮಂಚಗಳ ಸಂಖ್ಯೆಯೂ ರೋಗಿಗಳ ಸಂಖ್ಯೆಯೂ ತಾಳೆಯಾಗದೆ ಅದು ಯಾವ ಗುಮಾಸ್ತನನ್ನೂ ಬಿಡುವ ಜಾಯಮಾನದ್ದಲ್ಲ.

"ಯಾರ್ರೀ ಅದು ಇಪ್ಪತ್ತಮೂರು?" ಹಿರಿಯ ಸಿಸ್ಟರ್ ಕನ್ನಡಕ ಮೇಲೇರಿಸಿ ಕೇಳಿದರು. "ನನ್ನ ಕಣ್ಣು ತಪ್ಪಿಸಿ ಈ ವಾರ್ಡಲ್ಲಿ ಸೊಳ್ಳೆ ಕೂಡ ಮಲಗಲ್ಲ."

ಗುಮಾಸ್ತ ಆ ರೋಗಿಯ ದಾಖಲೆ ತೆರೆದ. ಹೆಸರು ಅವನ ಮಾವನದು.

ಆರು ತಿಂಗಳ ಹಿಂದೆ ವಾರ್ಡಿಗೆ ಕಂಪ್ಯೂಟರ್ ಬಂದಾಗ ಹೇಳಿಕೊಡಲು ಬಂದವನು "ಅಭ್ಯಾಸಕ್ಕೆ ಒಬ್ಬ ರೋಗೀನ ಸೇರಿಸಿ ನೋಡಿ, ಯಾವ ಹೆಸರಾದ್ರೂ ಸರಿ" ಎಂದಿದ್ದ. ಅದರ ಹಿಂದಿನ ದಿನವಷ್ಟೇ ಮಾವನವರು ಅಳಿಯನನ್ನು ಎದುರಿಗೆ ಕೂರಿಸಿಕೊಂಡು, ಜೀವನದಲ್ಲಿ ಮುಂದೆ ಬರುವುದು ಹೇಗೆ ಎಂಬುದನ್ನು ಬಸ್ಸಿನ ಹೊತ್ತಿನವರೆಗೂ ವಿವರಿಸಿದ್ದರು. ಗುಮಾಸ್ತ ಹಿಂದುಮುಂದು ನೋಡದೆ ಮಾವನ ಹೆಸರು ಬರೆದ. ವಯಸ್ಸು ಎಪ್ಪತ್ತು ಎಂದ. ಹತ್ತಿರದ ಬಂಧು ಎಂಬಲ್ಲಿ ಹೆಂಡತಿಯ ಫೋನ್ ನಂಬರು ಕೊಟ್ಟ. ಆಮೇಲೆ ಧಾರಾಳವಾಗಿ ಕಾಯಿಲೆಗಳನ್ನು ದಯಪಾಲಿಸಿದ. ಕೊನೆಗೆ ಕೈ ತಡೆಯಲಾರದೆ ಒಂದು ಮೂತ್ರದ ನಳಿಗೆಯನ್ನೂ ಹಾಕಿಸಿದ. ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಎದ್ದರು. ಅಳಿಸುವುದು ಯಾರಿಗೂ ನೆನಪಾಗಲಿಲ್ಲ.

ಅಳಿಸದ್ದು ಹಾಗಿರಲಿ, ಈ ಆರು ತಿಂಗಳಲ್ಲಿ ಮಾವನ ದಾಖಲೆ ಹಲಸಿನ ಹಣ್ಣಿನ ಹಾಗೆ ಬೆಳೆದು ನಿಂತಿತ್ತು. ಪ್ರತಿ ಪಾಳಿಯಲ್ಲೂ ಜ್ವರ ನೋಡಿದ್ದಾರೆ, ನಾಡಿ ನೋಡಿದ್ದಾರೆ, ನಳಿಗೆ ನೋಡಿದ್ದಾರೆ. 'ರೋಗಿ ಸಮಾಧಾನವಾಗಿದ್ದಾರೆ, ನಳಿಗೆ ಸ್ವಚ್ಛವಾಗಿದೆ, ಸೋಂಕಿಲ್ಲ.' ಇದರ ಗುಟ್ಟು ತೀರಾ ಸರಳ. ಎಲ್ಲ ರೋಗಿಗಳ ಖಾನೆ ತುಂಬದಿದ್ದರೆ ಕಂಪ್ಯೂಟರ್ ಯಾವ ನರ್ಸಿಗೂ ಪಾಳಿ ಮುಗಿಸಲು ಬಿಡುತ್ತಿರಲಿಲ್ಲ. ತುಂಬಲು ಬೇಸರವಾದವರಿಗಾಗಿ 'ನಿನ್ನೆಯಂತೆಯೇ' ಎಂಬ ಒಂದು ಗುಂಡಿ ಇತ್ತು. ಮನೆಗೆ ಹೋಗುವ ಅವಸರದಲ್ಲಿ ಎಲ್ಲರೂ ಅದನ್ನು ಒತ್ತಿದ್ದರು.

"ಸಿಸ್ಟರ್, ಇಲ್ಲದೇ ಇರೋ ಮನುಷ್ಯನಿಗೆ ಆರು ತಿಂಗಳಿಂದ ಜ್ವರ ನೋಡಿದೀರಲ್ಲ!"

"ನೋಡಿದೀವಪ್ಪ. ಜ್ವರ ಇರಲಿಲ್ಲ" ಎಂದರು ಸಿಸ್ಟರ್, ಸ್ವಲ್ಪವೂ ಅಳುಕದೆ.

"ಇವರಿಗೆ ಊಟ ಬೇರೆ ಬರ್ತಿತ್ತು ಅಂತಿದೆ ಇಲ್ಲಿ. ದಿನಾ ಮಧ್ಯಾಹ್ನ ಒಂದು ಸಪ್ಪೆ ಊಟ."

"ಅದನ್ನ ನೀವೇ ಉಣ್ತಿದ್ರಲ್ಲ. ಉಪ್ಪಿಲ್ಲ ಅಂತ ದಿನಾ ಗೊಣಗ್ತಿದ್ರಿ."

ಗುಮಾಸ್ತ ಪೆಚ್ಚಾದ. ಅದು ಆಸ್ಪತ್ರೆಯವರು ನೌಕರರ ಮೇಲಿನ ಪ್ರೀತಿಯಿಂದ ಕಳಿಸುವ ಊಟ ಎಂದು ಅವನು ನಂಬಿಕೊಂಡಿದ್ದ.

ಆದದ್ದಾಯಿತು, ಮೊದಲು ಮಾವನನ್ನು ಮನೆಗೆ ಕಳಿಸೋಣ ಎಂದು 'ಗುಣವಾಗಿ ಮನೆಗೆ' ಎಂಬಲ್ಲಿ ಒತ್ತಿದ. 'ನಳಿಗೆ ತೆಗೆದ ದಾಖಲೆ ಇಲ್ಲ' ಎಂದಿತು ಕಂಪ್ಯೂಟರ್. ನಳಿಗೆ ತೆಗೆದೆವು ಎಂದು ಬರೆಯಲು ಹೋದ. 'ಸೋಂಕು ತಡೆ ವಿಭಾಗದ ಒಪ್ಪಿಗೆ ಬೇಕು' ಎಂದಿತು. ಅಲ್ಲಿಗೆ ಉಳಿದದ್ದು ಒಂದೇ ದಾರಿ. ಗುಮಾಸ್ತ ಅತ್ತಿತ್ತ ನೋಡಿ, ಮನಸ್ಸಿನಲ್ಲೇ ಮಾವನ ಕ್ಷಮೆ ಕೇಳಿ, 'ಮರಣ' ಎಂಬಲ್ಲಿ ಒತ್ತಿಬಿಟ್ಟ.

ಒತ್ತಿ ಬೆರಳು ಎತ್ತುವುದರೊಳಗೆ ಹೆಂಡತಿಯ ಫೋನು ಬಂತು. ಅವಳು ಅಂದು ರಜ ಹಾಕಿ, ಗಂಡ ಬರುತ್ತಾನೆಂದು ಮನೆ ಒಪ್ಪ ಮಾಡುತ್ತಿದ್ದಳು.

"ರೀ! ಅಪ್ಪ ಹೋಗಿಬಿಟ್ರಂತೆ!"

"ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಇಲ್ಲೇ ಎದುರುಗಡೆ ಪೇಪರ್ ಓದ್ತಾ ಕೂತಿದಾರೆ! ನಿಮ್ಮ ಆಸ್ಪತ್ರೆಯಿಂದ ಮೆಸೇಜ್ ಬಂದಿದೆ. 'ನಿಮ್ಮ ಬಂಧುವಿನ ಅಗಲಿಕೆಗೆ ವಿಷಾದಿಸುತ್ತೇವೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ? ಐದರಲ್ಲಿ ಅಂಕ ಕೊಡಿ' ಅಂತ. ಏನ್ರೀ ಇದು?"

ಫೋನು ಕೈ ಬದಲಾಯಿತು. ಮಾವನ ಗಂಟಲು ಎಂದಿಗಿಂತ ಗಟ್ಟಿಯಾಗಿತ್ತು. "ಅಳಿಯಂದ್ರೇ, ನಾನು ಸತ್ತಿದ್ದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗೋದೋ? ಸಂಜೆ ಬನ್ನಿ, ಮಾತಾಡೋಣ. ಅಂಕ ಮಾತ್ರ ಸೊನ್ನೆ ಕೊಟ್ಟಿದೀನಿ."

ಗುಮಾಸ್ತ ಹಣೆಯ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಸೋಪು ಡಾಕ್ಟರಮ್ಮ! ಅವರು ಸೋಂಕು ತಡೆ ವಿಭಾಗದ ಮುಖ್ಯಸ್ಥೆ. ಎದುರಿಗೆ ಸಿಕ್ಕವರನ್ನೆಲ್ಲ ಹೇಗಿದ್ದೀರಿ ಎನ್ನುವ ಬದಲು "ಕೈ ತೊಳೆದ್ರಾ?" ಎಂದೇ ಮಾತನಾಡಿಸುತ್ತಿದ್ದುದರಿಂದ ಆ ಹೆಸರು. ಮೊದಲೆಲ್ಲ ದಿನಾ ವಾರ್ಡು ಸುತ್ತಿ, ಹಾಸಿಗೆ ಹಾಸಿಗೆಗೂ ನಿಂತು, ಎಲ್ಲರ ಬೆವರಿಳಿಸುತ್ತಿದ್ದರು. ಈಗ ಅವರ ಕೋಣೆಗೆ 'ಕಾವಲು' ಎಂಬ ಯಂತ್ರ ಬಂದಿತ್ತು. ಅದು ಇಡೀ ಆಸ್ಪತ್ರೆಯ ದಾಖಲೆಗಳನ್ನು ತಾನೇ ಓದಿ, ಯಾರಿಗೆ ಜ್ವರ, ಯಾರಿಗೆ ಕೀವು, ಯಾರ ನಳಿಗೆ ಎಷ್ಟು ಹಳೆಯದು ಎಂದು ಜಾಲಾಡಿ, ಎಲ್ಲಿ ಸೋಂಕಿನ ವಾಸನೆ ಬಡಿದರೂ ಗಂಟೆ ಹೊಡೆಯುತ್ತಿತ್ತು. ಕಾವಲು ಬಂದ ಮೇಲೆ ಡಾಕ್ಟರಮ್ಮ ವಾರ್ಡಿಗೆ ಬರುವುದನ್ನೇ ಬಿಟ್ಟಿದ್ದರು. ಹೊಸ ನೌಕರರ ಮುಖವೂ ಅವರಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿನ ಜೊತೆಗೇ ಈ ವಾರ್ಡಿಗೆ ಬಂದ ನಮ್ಮ ಗುಮಾಸ್ತನೂ ಅವರಲ್ಲಿ ಒಬ್ಬ.

"ಇಪ್ಪತ್ತಮೂರು ಸತ್ತರಂತೆ? ಇಲ್ಲಿ ಕೆಂಪು ದೀಪ ಉರೀತಿದೆ! ಯಾರ್ರೀ ಸಾಯಿಸಿದ್ದು?"

"ಇಲ್ಲ ಡಾಕ್ಟ್ರೇ, ಕೈ ತಪ್ಪಿ... ಬದುಕಿದಾರೆ, ಬದುಕಿದಾರೆ!" ಗುಮಾಸ್ತ ಮಾವನಿಗೆ ಅವಸರವಸರವಾಗಿ ಮರುಜನ್ಮ ಕೊಟ್ಟ.

ಆ ಕಡೆಯಿಂದ ಉದ್ದವಾದ ಉಸಿರು ಕೇಳಿಸಿತು. "ನನ್ನ ಜೀವಾನೇ ಬಾಯಿಗೆ ಬಂದಿತ್ತು. ಅವರು ಯಾರು ಅಂದ್ಕೊಂಡಿದೀರಿ? ನಳಿಗೆ ಹಾಕಿದ ನಾಕೇ ದಿನಕ್ಕೆ ಬೇರೆಯವರಿಗೆಲ್ಲ ಸೋಂಕು ಶುರು. ಇವರಿಗೆ ಆರು ತಿಂಗಳಾದ್ರೂ ಒಂದು ಚೂರಿಲ್ಲ! ಒಟ್ಟು ನಳಿಗೆ ಎಷ್ಟು ದಿನ ಇತ್ತು, ಅದರಲ್ಲಿ ಎಷ್ಟು ಸೋಂಕು ಬಂತು ಅಂತ ತಾನೆ ಲೆಕ್ಕ ಹಾಕೋದು? ಇವರೊಬ್ಬರ ದಿನಗಳಿಂದಾನೇ ನಮ್ಮ ಆಸ್ಪತ್ರೆ ಎಲ್ಲರಿಗಿಂತ ಮುಂದಿದೆ. ಇವತ್ತು ಮಧ್ಯಾಹ್ನ ಸಮಿತಿಯವರು ಬರ್ತಿದಾರೆ, ಬಹುಮಾನ ಕೊಡೋಕೆ. ಆ ರೋಗೀನ ಕಣ್ಣಾರೆ ನೋಡ್ಬೇಕಂತೆ. ನಾನೇ ಕರ್ಕೊಂಡು ಬರ್ತೀನಿ."

ಫೋನು ಇಟ್ಟ ಗುಮಾಸ್ತ ಸುಣ್ಣ ಬಳಿದ ಗೋಡೆಯಂತಾಗಿದ್ದ. "ಸಿಸ್ಟರ್, ನಿಜ ಹೇಳಿಬಿಡೋಣ."

"ಹೇಳಿ, ಅದಕ್ಕೇನಂತೆ. ವಿಚಾರಣೆ ಆಗುತ್ತೆ. ವಿಚಾರಣೆ ಮುಗಿಯೋ ತನಕ ಈ ವಾರ್ಡಿಂದ ಯಾರನ್ನೂ ಅಲ್ಲಾಡೋಕೆ ಬಿಡಲ್ಲ. ಮುಗಿಯೋ ಹೊತ್ತಿಗೆ ನಿಮ್ಮ ಮಗಳಿಗೆ ಮದುವೆ ವಯಸ್ಸಾಗಿರುತ್ತೆ."

"ಮತ್ತೇನು ಮಾಡೋದು?"

ಸಿಸ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಅಂಗಡಿಯಲ್ಲಿ ಕುಂಬಳಕಾಯಿ ಆರಿಸುವವರಂತೆ. "ಸಮಿತಿ ಬಂದು ಹೋಗೋಕೆ ಎಷ್ಟು ಹೊತ್ತು? ಸುಮ್ನೆ ಮಲ್ಕೊಳ್ಳಿ. ಅವರು ಹೋದ ಮೇಲೆ ನಳಿಗೆ ತೆಗೆಯೋಕೆ ಡಾಕ್ಟರಮ್ಮನ ಒಪ್ಪಿಗೆ ತಗೊಂಡು ನಿಮ್ಮ ಮಾವನ್ನ ಮನೆಗೆ ಕಳಿಸೋಣ. ಲೆಕ್ಕ ತಾಳೆ ಆಗುತ್ತೆ. ಚೀಟಿ ಬರುತ್ತೆ. ನೀವು ಬಸ್ ಹತ್ತಿ."

ಮಧ್ಯಾಹ್ನದ ಹೊತ್ತಿಗೆ ಉಗ್ರಾಣದಿಂದ ಒಂದು ಮಂಚ ಬಂತು. ಗುಮಾಸ್ತನ ಪ್ಯಾಂಟು ಹೋಗಿ ಆಸ್ಪತ್ರೆಯ ಹಸಿರು ನಿಲುವಂಗಿ ಬಂತು. ಒಂದು ನಳಿಗೆಯನ್ನು ಅವನ ತೊಡೆಗೆ ಆನಿಸಿ, ಅಂಗೈ ಅಗಲದ ಅಂಟುಪಟ್ಟಿಯನ್ನು ಮೂರು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಪಕ್ಕದ ಚೀಲಕ್ಕೆ ಇಳಿಬಿಟ್ಟರು. ಚೀಲದಲ್ಲಿ ಹಾಲಿಲ್ಲದ ಚಹಾ. ಮಣಿಕಟ್ಟಿಗೆ ಇಪ್ಪತ್ತಮೂರು ಎಂದು ಅಚ್ಚಾದ ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಅಕ್ಕಪಕ್ಕದ ರೋಗಿಗಳಿಗೆಲ್ಲ ಹೊತ್ತು ಹೋಗದೆ ಬೇಸರವಾಗಿತ್ತು. ಈಗ ನಾ ಮುಂದು ತಾ ಮುಂದು ಎಂದು ಸಲಹೆ ಕೊಡತೊಡಗಿದರು.

"ಸ್ವಲ್ಪ ನರಳಿ ಸ್ವಾಮಿ, ಹೀಗೆ ಮಲಗಿದರೆ ಯಾರು ನಂಬ್ತಾರೆ?" ಎಂದರು ಇಪ್ಪತ್ತೆರಡನೆಯವರು. "ಆರು ತಿಂಗಳು ಮಲಗಿದೋರು ಮೇಲ್ಛಾವಣಿ ನೋಡ್ಬೇಕು, ಮನುಷ್ಯರನ್ನ ನೋಡ್ಬಾರ್ದು. ನಾನು ನೋಡಿ, ಎರಡೇ ವಾರಕ್ಕೆ ಕಲ್ತುಬಿಟ್ಟೆ."

ಸಮಿತಿ ಬಂತು. ಮುಂದೆ ಪೊದೆ ಹುಬ್ಬಿನ ಒಬ್ಬ ಹಿರಿಯರು, ಅವರ ಪಕ್ಕ ಸೋಪು ಡಾಕ್ಟರಮ್ಮ, ಹಿಂದೆ ಫೈಲು ಹಿಡಿದ ನಾಲ್ಕು ಜನ. ಹಿರಿಯರು ಒಮ್ಮೆ ದಾಖಲೆ ನೋಡಿದರು, ಒಮ್ಮೆ ಹಾಸಿಗೆ ನೋಡಿದರು.

"ಎಪ್ಪತ್ತು ವರ್ಷ ಅಂತಿದೆ? ನೋಡಿದ್ರೆ ಮೂವತ್ತೈದು ದಾಟಿಲ್ಲ."

"ಸೋಂಕಿಲ್ಲದಿದ್ದರೆ ಹೀಗೇ ಸಾರ್" ಎಂದರು ಡಾಕ್ಟರಮ್ಮ ಹೆಮ್ಮೆಯಿಂದ.

ಹಿಂದಿನ ನಾಲ್ವರೂ ಅದನ್ನು ಬರೆದುಕೊಂಡರು. ಹಿರಿಯರು ಬಗ್ಗಿ "ಹೇಗಿದೀರಿ ಯಜಮಾನ್ರೇ?" ಎಂದರು. ಗುಮಾಸ್ತ ಬೆಳಗ್ಗೆಯಿಂದ ಓದಿದ್ದು ಒಂದೇ ಮಾತು, ಅದೇ ಹೊರಬಂತು. "ನಿನ್ನೆಯಂತೆಯೇ."

"ಆಹಾ, ಎಂಥ ಸಮಾಧಾನ!" ಎಂದು ಹಿರಿಯರು ತಲೆದೂಗಿದರು.

ಅದೇ ಹೊತ್ತಿಗೆ ಹೊದಿಕೆಯೊಳಗೆ ಫೋನು ಗುಂಯ್‌ಗುಟ್ಟಿತು. ತೆಗೆಯದಿದ್ದರೆ ಹೆಂಡತಿ ಬಿಡುವವಳಲ್ಲ. ಗುಮಾಸ್ತ ಕಿವಿಗಿಟ್ಟುಕೊಂಡ. "ಹೊರಟ್ರಾ?" ಎಂಬ ಪ್ರಶ್ನೆ ಇಡೀ ವಾರ್ಡಿಗೆ ಕೇಳಿಸಿತು.

"ಇಲ್ಲ... ಮಲಗಿದೀನಿ" ಎಂದ ಅವನು, ಸಾಯುವವನ ದನಿಯಲ್ಲಿ.

"ಮಲಗಿದೀರಾ? ಗಂಟೆ ನಾಕಾಯ್ತು! ಇಲ್ಲಿ ಮಗು ಬೆಳಗ್ಗೆಯಿಂದ ಹೊಸ ಬಟ್ಟೆ ಹಾಕ್ಕೊಂಡು ಕೂತಿದೆ, ನೀವು ಮಲಗಿದೀರಾ?"

ಸಿಸ್ಟರ್ ಫೋನು ಕಸಿದುಕೊಂಡು, ಯಾರೂ ನೋಡದಂತೆ ಗುಮಾಸ್ತನ ಮೇಜಿನ ಮೇಲಿಟ್ಟರು. ಹಿರಿಯರ ಹುಬ್ಬುಗಳು ಒಂದಕ್ಕೊಂದು ತಾಗಿದವು. "ಮನೇಲಿ ಮಗು ಬೇರೆ ಇದೆ. ಇಷ್ಟು ಗಟ್ಟಿಮುಟ್ಟಾಗಿರೋರಿಗೆ ನಳಿಗೆ ಯಾಕಮ್ಮ ಇನ್ನೂ? ತೆಗೆದುಬಿಡಿ. ಈಗಲೇ ತೆಗೀರಿ, ನಾನು ನಿಂತಿರ್ತೀನಿ."

ಗುಮಾಸ್ತ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ. ಸಿಸ್ಟರ್ ಮಾತ್ರ ಕಣ್ಣು ಮಿಟುಕಿಸದೆ ಪರದೆ ಎಳೆದು ಒಳಗೆ ಬಂದರು. ಅಂಟುಪಟ್ಟಿಯ ತುದಿ ಹಿಡಿದು, "ಹಲ್ಲು ಕಚ್ಕೊಳ್ಳಿ" ಎಂದು ಪಿಸುಗುಟ್ಟಿ, ಮೂರೂ ಸುತ್ತನ್ನು ಒಂದೇ ಎಳೆತಕ್ಕೆ ಕಿತ್ತರು. ತೊಡೆಯ ಕೂದಲೆಲ್ಲ ಅದರ ಜೊತೆಗೇ ಬಂತು. ಗುಮಾಸ್ತ ಹಾಕಿದ ಕೂಗಿಗೆ ಹೆರಿಗೆ ವಾರ್ಡಿನವರು ಇಣುಕಿ ನೋಡಿದರು.

"ಪಾಪ, ಆರು ತಿಂಗಳಿಂದ ಒಳಗಿತ್ತಲ್ಲ" ಎಂದು ಹಿರಿಯರು ಪರದೆಯಾಚೆ ಕಣ್ಣೊರೆಸಿಕೊಂಡರು. ಡಾಕ್ಟರಮ್ಮ ಅಲ್ಲೇ 'ನಳಿಗೆ ತೆಗೆಯಲಾಗಿದೆ' ಎಂದು ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಸಿಗೆ ಹಿಡಿದ ಇಪ್ಪತ್ತೆರಡು ಮಂದಿಯೂ ತಟ್ಟಿದರು.

ಸಮಿತಿ ಬಾಗಿಲು ದಾಟಿದ್ದೇ ತಡ, ಗುಮಾಸ್ತ ಕುಂಟುತ್ತ ಮೇಜಿಗೆ ಹಾರಿದ. ನಳಿಗೆಯ ಪೀಡೆ ಕಳೆದಿತ್ತು. ತೊಡೆ ಉರಿಯುತ್ತಿದ್ದರೂ ಮನಸ್ಸು ತಂಪಾಗಿತ್ತು. 'ಗುಣವಾಗಿ ಮನೆಗೆ' ಎಂದು ಒತ್ತಿದ.

'ನಳಿಗೆ ತೆಗೆದ ಮೇಲೆ ಎರಡು ದಿನ ಸೋಂಕಿನ ನಿಗಾ ಕಡ್ಡಾಯ. ರೋಗಿಯನ್ನು ಬಿಡುವಂತಿಲ್ಲ' ಎಂದಿತು ಕಂಪ್ಯೂಟರ್.

ಗುಮಾಸ್ತ ಅಲ್ಲೇ ಕುಸಿದು ಕೂತ. ಆರರ ಬಸ್ಸು, ನಾಳೆಯ ಹಾಜರಿ, ಹೊಸ ಬಟ್ಟೆ ಹಾಕಿಕೊಂಡು ಕೂತ ಮಗು, ಎಲ್ಲವೂ ಕಣ್ಣ ಮುಂದೆಯೇ ಕೊಚ್ಚಿಹೋಗುತ್ತಿದ್ದವು. ಆಗ ಸಿಸ್ಟರ್ ಉಗ್ರಾಣದಿಂದ ಬಂದ ಮಂಚವನ್ನೇ ನೋಡುತ್ತ ನಿಂತವರು ಕೇಳಿದರು.

"ಈಗ ವಾರ್ಡಲ್ಲಿ ಮಂಚ ಎಷ್ಟು?"

"ಇಪ್ಪತ್ತಮೂರು."

"ಕಂಪ್ಯೂಟರಲ್ಲಿ ರೋಗಿಗಳು?"

ಗುಮಾಸ್ತ ಧಡಕ್ಕನೆ ಎದ್ದ. ಮಂಚಗಳ ಖಾನೆಯಲ್ಲಿ ಇಪ್ಪತ್ತಮೂರು ಎಂದು ಬರೆದ. ಪ್ರಿಂಟರು ಒಮ್ಮೆ ಕೆಮ್ಮಿ, ಬೆಚ್ಚಗಿನ ಬಿಡುಗಡೆ ಚೀಟಿಯನ್ನು ಹೊರಗೆ ಹಾಕಿತು. ಅವನು ಆನಂದದಿಂದ ಸಿಸ್ಟರ್ ಕಾಲಿಗೆ ಬಿದ್ದ. ಹಸಿರು ನಿಲುವಂಗಿಯ ಮೇಲೇ ಪ್ಯಾಂಟು ಏರಿಸಿ, ಚೀಲ ಹೆಗಲಿಗೇರಿಸಿ, ಫೋನನ್ನೂ ಮರೆತು ಗೇಟಿನ ಕಡೆ ಓಟ ಕಿತ್ತ.

ಗೇಟಿನಲ್ಲಿ ಬೀಪ್ ಎಂದಿತು. ಕಾವಲುಗಾರ ಕೋಲು ಅಡ್ಡ ಹಿಡಿದ.

"ಅಯ್ಯೋ, ನಾನು ಕಣಯ್ಯಾ! ದಿನಾ ಬೆಳಗ್ಗೆ ನಮಸ್ಕಾರ ಹೊಡೀತೀಯಲ್ಲ!"

"ಹೊಡೀತೀನಿ ಸಾರ್, ಇಲ್ಲ ಅಂದ್ನಾ? ಆದ್ರೆ ಈಗ ನಮಗೆ ಮುಖ ನೋಡೋ ಕೆಲಸ ಇಲ್ಲ. ಬೀಪ್ ಅಂದ್ರೆ ರೋಗಿ, ಅನ್ನದಿದ್ರೆ ನೌಕರ. ಕೈ ತೋರ್ಸಿ." ಮಣಿಕಟ್ಟಿನ ಪಟ್ಟಿ ಸಿಕ್ಕಿಬಿತ್ತು. ಗುಮಾಸ್ತ ಅದನ್ನು ಹಲ್ಲಿನಿಂದ ಕಚ್ಚಿ ಎಳೆದ. ಹಲ್ಲು ಅಲ್ಲಾಡಿತೇ ಹೊರತು ಪಟ್ಟಿ ಅಲ್ಲಾಡಲಿಲ್ಲ.

ಸಮಿತಿಯವರನ್ನು ಕಾರು ಹತ್ತಿಸಲು ಬಂದಿದ್ದ ಡಾಕ್ಟರಮ್ಮ ಅಲ್ಲೇ ನಿಂತಿದ್ದರು. "ಅಯ್ಯಯ್ಯೋ, ನನ್ನ ಇಪ್ಪತ್ತಮೂರು ಓಡಿಹೋಗ್ತಿದಾರೆ!"

"ಡಾಕ್ಟ್ರೇ, ನಾನು ರೋಗಿ ಅಲ್ಲ, ಗುಮಾಸ್ತ! ಇಲ್ನೋಡಿ ಚೀಟಿ!"

ಡಾಕ್ಟರಮ್ಮ ಓದಿದರು. "ಇದು ಗುಮಾಸ್ತರ ಚೀಟಿ. ಅವರದು ನಿಮ್ಮ ಕೈಗೆ ಹೇಗೆ ಬಂತು?"

ಕಾರಿನ ಕಿಟಕಿಯಿಂದ ಹಿರಿಯರು ತಲೆ ಹೊರಹಾಕಿದರು. "ಗದರಿಸಬೇಡಿ ಪಾಪ. ಆರು ತಿಂಗಳು ಒಂದೇ ಕಡೆ ಮಲಗಿದರೆ ಯಾರಿಗಾದ್ರೂ ಹೀಗೇ ಆಗುತ್ತೆ."

ಹಿರಿಯ ಸಿಸ್ಟರಿಗೆ ಕರೆ ಹೋಯಿತು. ಅವರು ಏದುಸಿರು ಬಿಡುತ್ತ ಬಂದಾಗ ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. "ಸಿಸ್ಟರ್, ನೀವಾದ್ರೂ ಹೇಳಿ! ನಾನು ಯಾರು?"

ಸಿಸ್ಟರ್ ಅವನನ್ನು ನೋಡಿದರು. ಡಾಕ್ಟರಮ್ಮನನ್ನು ನೋಡಿದರು. ಅವರ ಕಂಕುಳಲ್ಲಿದ್ದ ಬಹುಮಾನದ ಫಲಕ ನೋಡಿದರು. ಆರು ತಿಂಗಳು ತಾವೂ ತಮ್ಮ ಹುಡುಗಿಯರೂ ಒತ್ತಿದ ಗುಂಡಿ ಅವರಿಗೆ ನೆನಪಾಗಿರಬೇಕು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು:

"ನಮ್ಮ ಗುಮಾಸ್ತರು ಆಗಲೇ ಹೊರಟುಹೋದ್ರು ಡಾಕ್ಟ್ರೇ. ಪಾಪ, ಹೆಂಡ್ತಿ ಮಗಳ ಹತ್ರ. ಇವರು ಇಪ್ಪತ್ತಮೂರು."

ಗುಮಾಸ್ತನನ್ನು ಇಬ್ಬರು ಎತ್ತಿಕೊಂಡೇ ತಂದು ಮಂಚದ ಮೇಲೆ ಹಾಕಿದರು. ಎಷ್ಟೋ ದಿನದ ಮೇಲೆ ರೋಗಿಯೊಬ್ಬರು ಕೈಗೆ ಸಿಕ್ಕ ಖುಷಿಯಲ್ಲಿ ಡಾಕ್ಟರಮ್ಮ ತಾವೇ ಕೈ ತೊಳೆದು, ತಾವೇ ಅವನ ಬಾಯಿಗೆ ಥರ್ಮಾಮೀಟರ್ ತುರುಕಿದರು. "ತುಟಿ ಬಿಚ್ಚಬೇಡಿ, ಮಾತಾಡಬೇಡಿ" ಎಂದು ಗದರಿಸಿದರು. ಆಗ ಗುಮಾಸ್ತನ ಮೇಜಿನ ಮೇಲೆ ಅವನ ಫೋನು ಹೊಡೆದುಕೊಂಡಿತು. ಡಾಕ್ಟರಮ್ಮನೇ ಹೋಗಿ ಎತ್ತಿಕೊಂಡರು.

"ಹಲೋ? ಯಾರು ಪುಟ್ಟಾ? ಅಪ್ಪಾನಾ? ಅಪ್ಪ ಆಗಲೇ ಹೊರಟ್ರಲ್ಲ! ಫೋನ್ ಇಲ್ಲೇ ಮರೆತಿದಾರೆ. ಹ್ಞೂಂ, ಬಸ್ಸಲ್ಲೇ ಬರ್ತಾರೆ. ನೀನು ಅಮ್ಮನ ಕೈ ಹಿಡ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ್ಕೋ. ಹೋಗೋ ಮುಂಚೆ ಕೈ ತೊಳ್ಕೋಬೇಕು, ಆಯ್ತಾ?"

ಗುಮಾಸ್ತ ಎದ್ದು ಕೂರಲು ಒದ್ದಾಡಿದ. ಇಪ್ಪತ್ತೆರಡನೆಯವರು "ಚೆನ್ನಾಗಿ ಮಾಡ್ತಿದೀರಿ, ಈಗ ನಿಜವಾದ ರೋಗಿ ಥರಾನೇ ಇದೀರಿ" ಎಂದು ಮೆಚ್ಚಿದರು. ಸಿಸ್ಟರ್ ಅವನ ಹೆಗಲು ಒತ್ತಿ ಹಿಡಿದು ಬೇರೆ ಕಡೆ ನೋಡುತ್ತಿದ್ದರು. ಡಾಕ್ಟರಮ್ಮ ವಾಪಸು ಬಂದು ಥರ್ಮಾಮೀಟರನ್ನು ಬೆಳಕಿಗೆ ಹಿಡಿದರು.

"ಜ್ವರ ಇಲ್ಲ. ನಳಿಗೆ ಕಡೆಯಿಂದ ಏನೂ ಭಯ ಇಲ್ಲ, ಎರಡು ದಿನಕ್ಕೆ ಬಿಡಬಹುದಿತ್ತು." ಬಗ್ಗಿ ಅವನ ಮುಖವನ್ನು ಹತ್ತಿರದಿಂದ ನೋಡಿದರು. "ಅರೆ! ಎರಡೂ ಕಣ್ಣು ಕೆಂಪಗಿದೆ. ನೀರು ಧಾರಾಕಾರ ಸುರೀತಿದೆ. ಸಿಸ್ಟರ್, ಕಣ್ಣಿನ ಸೋಂಕು ಅಂತ ಬರ್ಕೊಳ್ಳಿ. ಇನ್ನೊಂದು ವಾರ ಇಲ್ಲೇ ಇರಲಿ."